ಮುಳಿಮಾಡಿನಿಂದ ಹೆಂಚಿನ ಮಾಡಿಗೆ

ಘಟ್ಟದ ಮೇಲಿನವರು ಮಳೆಗಾಲದಲ್ಲಿ ಮೊದಲ ಸಲ ಮಂಗಳೂರಿಗೆ ಬಂದಿಳಿದರೆ ಅವರನ್ನು ಎರಡು ಸಂಗತಿಗಳು ಬೆರಗುಗೊಳಿಸುತ್ತವೆ: ಒಂದು ಅಲ್ಲಿಯ ಮಳೆ, ಇನ್ನೊಂದು, ಆ ಮಳೆಯನ್ನು ಕ್ಯಾರೆ ಎನ್ನದೆ ಸಾಗುವ ಅಲ್ಲಿಯ ಜನಜೀವನ. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಒಂದು ಸಾವಿರ ಮಿಲಿಮೀಟರಿನ ಆಚೀಚೆ. ಮಂಗಳೂರಿನಲ್ಲಿ ಬೀಳುವುದು ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ. ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಇಷ್ಟು ನೀರು ತಲೆಯ ಮೇಲೆ ಇಳಿಯುವ ಸೀಮೆಯಲ್ಲಿ ಮನೆ ಎಂದರೆ ಮೊದಲು ಛಾವಣಿ, ಅನಂತರ ಗೋಡೆ. ಕರಾವಳಿಯವರು ಛಾವಣಿಗೆ ‘ಮಾಡು’ ಎನ್ನುತ್ತಾರೆ. ಮಾಡು ಗಟ್ಟಿಯಿದ್ದರೆ ಮನೆ ಇದೆ. ಮಾಡು ಹೋಯಿತೆಂದರೆ ಒಂದೆರಡು ಮಳೆಗಾಲದಲ್ಲಿ ಮನೆಯೂ ಹೋಯಿತು.

ಈ ಮಾಡಿಗೂ ಒಂದು ಚರಿತ್ರೆ ಉಂಟು. ಹುಲ್ಲು ಹೋಗಿ ಹೆಂಚು ಬಂದದ್ದು ಆ ಚರಿತ್ರೆಯ ಒಂದು ಮಗ್ಗುಲು. ಆ ಹೆಂಚು ಯಾರ ತಲೆಯ ಮೇಲೆ ಯಾವಾಗ ಬಂತು ಎಂಬುದು ಅದರ ಇನ್ನೊಂದು ಮಗ್ಗುಲು. ಮೊದಲನೆಯದನ್ನು ಬರೆದವರು ಅನೇಕರಿದ್ದಾರೆ. ಎರಡನೆಯದನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಕಲ್ಲಿನ ಮಾಡು, ಹುಲ್ಲಿನ ಮಾಡು

ಬಯಲುಸೀಮೆಯ ಮನೆಗೆ ಮಾಳಿಗೆಯೇ ಛಾವಣಿ. ತೊಲೆಗಳ ಮೇಲೆ ಹಲಗೆ ಅಥವಾ ಕಟ್ಟಿಗೆ ಹರಡಿ, ಅದರ ಮೇಲೆ ಮಣ್ಣು ಮುಚ್ಚಿ, ಕರಲು ಮಣ್ಣಿನಿಂದ ಮೇಲ್ಮೈಯನ್ನು ಬಿಗಿ ಮಾಡಿದರೆ ಅಲ್ಲಿಯ ಬಿಸಿಲಿಗೂ ಅಲ್ಲಿಯ ಮಳೆಗೂ ಅದು ಸಾಕು. ಆದರೆ ವರ್ಷವರ್ಷವೂ ಮಣ್ಣು ಹಾಕಿ ನೋಡಿಕೊಳ್ಳದಿದ್ದರೆ ಮಾಳಿಗೆ ಸೋರದೆ ಇರದು. ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ಮನುಷ್ಯನ ಅಜ್ಞಾನಕ್ಕೆ ಹೋಲಿಕೆಯಾಗಿ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಅವರ ಊರಿನ ಕೇಳುಗರಲ್ಲಿ ಆ ಅನುಭವ ಇಲ್ಲದವರು ಇದ್ದಿರಲಾರರು.

ಅಂಥ ಮಾಳಿಗೆಯನ್ನು ಕರಾವಳಿಯಲ್ಲಿ ಕಟ್ಟಿದರೆ ಆಷಾಢ ಕಳೆಯುವಷ್ಟರಲ್ಲಿ ಅದು ಕೆಸರಾಗಿ ನೆಲಕ್ಕಿಳಿಯುತ್ತದೆ. ಆದ್ದರಿಂದ ಘಟ್ಟದ ಕೆಳಗೆ ದೇವರ ಮನೆಗೂ ಬಡವನ ಮನೆಗೂ ಇಳಿಜಾರಿನ ಮಾಡೇ ಗತಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದವರಿಗೆ ಇದು ಗೊತ್ತು. 1430ರಲ್ಲಿ ಕಟ್ಟಿದ ಆ ಬಸದಿಯಲ್ಲಿ ಹೊಯ್ಸಳರ ಗುಡಿಯ ಶಿಖರವನ್ನಾಗಲಿ ವಿಜಯನಗರದ ಗೋಪುರವನ್ನಾಗಲಿ ಹುಡುಕಬೇಡಿ. ಅಲ್ಲಿರುವುದು ಅಂತಸ್ತು ಅಂತಸ್ತಾಗಿ ಇಳಿಯುವ ಮಾಡು. ಭಟ್ಕಳದ ಹಳೆಯ ಗುಡಿ ಬಸದಿಗಳಲ್ಲಿ ದೊಡ್ಡ ದೊಡ್ಡ ಕಲ್ಲುಚಪ್ಪಡಿಗಳನ್ನೇ ಓರೆಯಾಗಿ ಹೊದಿಸಿದ್ದಾರೆ. ಮರದಲ್ಲಿ, ಹುಲ್ಲಿನಲ್ಲಿ ಕಟ್ಟುತ್ತಿದ್ದ ಮನೆಯ ರೂಪವನ್ನೇ ಶಿಲ್ಪಿ ಕಲ್ಲಿಗೆ ಇಳಿಸಿದನು. ರಾಜವಂಶಗಳು ಬದಲಾದರೂ ಮಳೆ ಬದಲಾಗಲಿಲ್ಲ. ಶಿಲ್ಪಿ ಮಳೆಯ ಮಾತನ್ನು ಕೇಳಿದನು.

ದೇವರಿಗೆ ಕಲ್ಲು, ತಾಮ್ರದ ತಗಡು. ಸಿರಿವಂತರ ಮನೆಗೆ ಕುಂಬಾರನ ನಾಡಹೆಂಚು. ಉಳಿದವರಿಗೆಲ್ಲ ಹುಲ್ಲು. ಹಿಂದಿನ ಏರ್ಪಾಡು ಸ್ಥೂಲವಾಗಿ ಹೀಗಿತ್ತು. ನೆರೆಯ ಮಲಬಾರಿನಲ್ಲಂತೂ ಮಾಡಿಗೆ ಹೆಂಚು ಹೊದಿಸುವುದು ಅರಸನ ಅಪ್ಪಣೆ ಬೇಕಾದ ಗೌರವವಾಗಿತ್ತು. ಹಣವಿದ್ದ ಮಾತ್ರಕ್ಕೆ ಯಾರೂ ಹೊದಿಸುವಂತಿರಲಿಲ್ಲ. ಮನೆಯ ಮಾಡನ್ನು ನೋಡಿದರೆ ಮನೆಯವನ ಅಂತಸ್ತು ತಿಳಿಯುತ್ತಿದ್ದ ಕಾಲ ಅದು.

ಹುಲ್ಲಿನ ಮಾಡೆಂದರೆ ನಮ್ಮಲ್ಲಿ ಮುಖ್ಯವಾಗಿ ಮುಳಿಹುಲ್ಲಿನದು. ಗುಡ್ಡದಲ್ಲಿ ಆಳೆತ್ತರ ಬೆಳೆದು ಒಣಗುವ ಈ ಹುಲ್ಲನ್ನು ಕೊಯ್ದು, ಸೂಡಿ ಕಟ್ಟಿ, ಬೇಸಗೆಯಲ್ಲಿ ಮನೆಗೆ ಹೊದಿಸುವರು. ಅಡಕೆ ತೋಟವಿದ್ದವರು ಸೋಗೆ ಹೊದಿಸುವುದೂ, ಕಡಲ ಬದಿಯವರು ಹೆಣೆದ ತೆಂಗಿನ ಮಡಲು ಹೊದಿಸುವುದೂ ಉಂಟು. ಬೇಶ ತಿಂಗಳ ಪತ್ತನಾಜೆಗೆ ತುಳುನಾಡಿನಲ್ಲಿ ಕೋಲ, ಆಟಗಳೆಲ್ಲ ನಿಲ್ಲುತ್ತವೆ. ಆ ದಿನಕ್ಕೆ ಮೊದಲೇ ಮಾಡಿನ ಕೆಲಸ ಮುಗಿಯಬೇಕು. ಮುಗಿಯದವನ ಪಾಡು ದೇವರಿಗೇ ಪ್ರೀತಿ.

ಬಂಟ್ವಾಳದ ಕಡೆಯ ನಮ್ಮ ಊರಿನಲ್ಲಿ ನಾನು ಹುಡುಗನಾಗಿದ್ದಾಗ ಈ ಕೆಲಸವನ್ನು ಎಷ್ಟೋ ಸಲ ನೋಡಿದ್ದೇನೆ. ಇಬ್ಬರು ಮೇಲೆ, ನಾಲ್ವರು ಕೆಳಗೆ. ಕೆಳಗಿನವರು ಸೂಡಿಯನ್ನು ಎಸೆದರೆ ಮೇಲಿನವರು ಹಿಡಿದು, ಸೂರಿನಿಂದ ತೊಡಗಿ ನೆತ್ತಿಯವರೆಗೆ ಸಾಲುಸಾಲಾಗಿ ಒತ್ತಿ ಕಟ್ಟುತ್ತಾ ಹೋಗುವರು. ಈ ದಿನ ನಿಮ್ಮ ಮನೆ, ನಾಳೆ ನಮ್ಮ ಮನೆ. ಕೂಲಿಯ ಮಾತಿಲ್ಲ, ಊಟವಷ್ಟೆ. ಹೊಸ ಮುಳಿಮಾಡಿನ ಕೆಳಗೆ ಕುಳಿತರೆ ಏಪ್ರಿಲ್ ತಿಂಗಳ ಧಗೆಯಲ್ಲಿಯೂ ತಂಪು. ಒಲೆಯ ಹೊಗೆ ಹುಲ್ಲಿನ ಸಂದಿನಿಂದ ಮೆಲ್ಲಗೆ ಹೊರಬೀಳುತ್ತ ಹುಳುಹುಪ್ಪಟೆಗಳನ್ನೂ ದೂರವಿಡುತ್ತಿತ್ತು. ಎಷ್ಟು ಜೋರು ಮಳೆ ಬಂದರೂ ಒಳಗೆ ಸದ್ದಿಲ್ಲ.

ಆದರೆ ಹುಲ್ಲಿನ ಮಾಡನ್ನು ಹೊಗಳುವವರಲ್ಲಿ ಅದರ ಕೆಳಗೆ ಆಟಿ ತಿಂಗಳನ್ನು ಕಳೆದವರು ವಿರಳ. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ ಹೊದಿಕೆ ಬದಲಾಯಿಸದಿದ್ದರೆ ಹುಲ್ಲು ಕೊಳೆತು ನೀರು ಒಳಗಿಳಿಯುವುದು. ಇಲಿ ಬಂದರೆ ಅದರ ಹಿಂದೆ ಹಾವು. ಮಳೆ ಹೋದರೆ ಬೆಂಕಿಯ ಭಯ. ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಮನೆ, ಬತ್ತದ ಕಣಜ, ಹಟ್ಟಿ, ಮೂರೂ ಒಂದೇ ಗಳಿಗೆಯಲ್ಲಿ ಬೂದಿ. ಇನ್ನು ಹುಲ್ಲು ತರುವುದೆಲ್ಲಿಂದ? ಗದ್ದೆಯ ಬದಿಯ ಕುಮ್ಕಿ ಗುಡ್ಡದ ಹುಲ್ಲು, ಸೊಪ್ಪು, ಮರಗಳನ್ನು ಬಳಸಿಕೊಳ್ಳುವ ಹಕ್ಕು ಆ ಗದ್ದೆಯ ಒಡೆಯನಿಗೆ ಸೇರಿದ್ದು. ಹುಲ್ಲು ದೇವರು ಕೊಟ್ಟದ್ದೇ ಆದರೂ ಅದನ್ನು ಕೊಯ್ಯಲು ಒಕ್ಕಲಿಗೆ ಒಡೆಯನ ಮರ್ಜಿ ಬೇಕಾಗಿತ್ತು.

ಅಕ್ಷರದ ಅಚ್ಚು, ಹೆಂಚಿನ ಅಚ್ಚು

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಸಂಸ್ಥೆಯ ಪಾದ್ರಿಗಳು ಮಂಗಳೂರಿಗೆ ಬಂದರು. ಕನ್ನಡಿಗರಿಗೆ ಈ ಸಂಸ್ಥೆಯ ಪರಿಚಯ ಬೇಕಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಈ ಸಂಸ್ಥೆಯವರು. 1894ರಲ್ಲಿ ಅದೇ ಊರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ಕೋಶದ ಕರ್ತೃ ಕಿಟ್ಟೆಲ್ ಸಹ ಇದೇ ಸಂಸ್ಥೆಯವರು. ಇವರಿಬ್ಬರ ನಡುವೆ ಬಂದು ನಿಲ್ಲುವ ಇನ್ನೊಂದು ಹೆಸರು ಜಾರ್ಜ್ ಪ್ಲೆಬ್ಸ್ಟ್. 1851ರಲ್ಲಿ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆಂದು ಬಂದ ಈ ಯಂತ್ರಕುಶಲಿಯೇ ಮಂಗಳೂರು ಹೆಂಚಿನ ಮೂಲಪುರುಷ. ಅಕ್ಷರದ ಅಚ್ಚನ್ನೂ ಹೆಂಚಿನ ಅಚ್ಚನ್ನೂ ಒಂದೇ ಕೈ ಹಿಡಿದದ್ದು ನಮ್ಮ ಚರಿತ್ರೆಯ ಒಂದು ಸೊಗಸಾದ ಯೋಗಾಯೋಗ.

ಆದರೆ ಮತಪ್ರಚಾರಕ್ಕೆ ಬಂದವರಿಗೆ ಹೆಂಚಿನ ಉಸಾಬರಿ ಏಕೆ? ಇದಕ್ಕೆ ಕಾರಣ ಮಳೆಯಲ್ಲ. ಕ್ರೈಸ್ತರಾದವರು ಜಾತಿಯಿಂದ ಹೊರಬೀಳುತ್ತಿದ್ದರು. ಜಾತಿಯೊಂದಿಗೆ ಕಸುಬೂ ಮನೆಯೂ ಕೈಬಿಡುತ್ತಿದ್ದವು. ಅವರಲ್ಲಿ ಬಹಳಷ್ಟು ಮಂದಿ ಬಿಲ್ಲವರು. ಮೂರ್ತೆಯ ಕಸುಬು ಮಿಷನ್ನಿಗೆ ಸಮ್ಮತವಿರಲಿಲ್ಲ. ಮತ ಬದಲಾಯಿಸಿದರೂ ಆಸ್ತಿಯ ಹಕ್ಕು ತಪ್ಪದೆಂದು 1850ರಲ್ಲಿ ಕಂಪೆನಿ ಸರಕಾರ ಕಾನೂನು ಮಾಡಿತ್ತು, ನಿಜ. ಆದರೆ ಅಳಿಯಸಂತಾನದ ಕೂಡುಕುಟುಂಬದಲ್ಲಿ ಒಬ್ಬನು ತನ್ನ ಪಾಲನ್ನು ಬೇರೆ ಮಾಡಿ ಕೇಳುವ ಪದ್ಧತಿಯೇ ಇಲ್ಲದಿರುವಾಗ ಆ ಕಾನೂನಿನಿಂದ ಹೊಟ್ಟೆ ತುಂಬುವುದೆಂತು? ಇವರಿಗೊಂದು ಜೀವನೋಪಾಯ ಮಾಡಿಕೊಡುವುದಕ್ಕಾಗಿ ಮಿಷನ್ನಿನವರು ನೇಯ್ಗೆಯನ್ನು ತೊಡಗಿದರು, ಅಚ್ಚುಕೂಟದಲ್ಲಿ ಕೆಲಸ ಕೊಟ್ಟರು, ಕೊನೆಗೆ ಹೆಂಚಿಗೆ ಕೈಹಾಕಿದರು. ತಮ್ಮ ಹಿರಿಯರ ಮನೆಯ ಮಾಡಿನ ಕೆಳಗಿಂದ ಹೊರಬಿದ್ದವರು ಊರಿಗೆಲ್ಲ ಮಾಡು ಮಾಡಿಕೊಡುವ ಕೆಲಸಕ್ಕೆ ನಿಂತರು ಎಂದರೆ ತಪ್ಪಾಗದು.

ಮಂಗಳೂರಿನ ನೆಲವೂ ಇದಕ್ಕೆ ಒದಗಿ ಬಂತು. ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಒಳ್ಳೆಯ ಆವೆಮಣ್ಣು. ದೋಣಿಯಲ್ಲಿ ಇಳಿದು ಬರುವ ಕಾಡಿನ ಸೌದೆ. ಮಾಲು ಸಾಗಿಸಲು ಎದುರಿಗೇ ಬಂದರು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಕಾರ್ಖಾನೆ ತೆರೆದರು. ಮೊದಮೊದಲು ಎತ್ತುಗಳು ಮಣ್ಣು ಹದ ಮಾಡುತ್ತಿದ್ದವು, ಮನುಷ್ಯರು ಕೈಯಿಂದ ಅಚ್ಚನ್ನು ಒತ್ತುತ್ತಿದ್ದರು. ಹಬೆಯ ಯಂತ್ರ ಬಂದದ್ದು ಆಮೇಲೆ. ಮೂರೇ ವರ್ಷಕ್ಕೆ, 1868ರಲ್ಲಿ, ಮಂಗಳೂರಿನವರೇ ಆದ ಆಲ್ಬುಕರ್ಕ್ ಮನೆತನದವರು ತಮ್ಮದೊಂದು ಕಾರ್ಖಾನೆಯನ್ನು ನಿಲ್ಲಿಸಿದರು. ಮಿಷನ್ನಿನವರೂ ಮಂಗಳೂರಿನ ಕುದ್ರೋಳಿ, ಉಡುಪಿಯ ಬಳಿಯ ಮಲ್ಪೆ, ದಕ್ಷಿಣದಲ್ಲಿ ಕಲ್ಲಿಕೋಟೆ, ಪಾಲಕ್ಕಾಡುಗಳವರೆಗೆ ಹಬ್ಬಿದರು. ಆ ಶತಮಾನ ಮುಗಿಯುವಷ್ಟರಲ್ಲಿ ಮಂಗಳೂರಿನ ಹೊಳೆದಂಡೆಯಲ್ಲೆಲ್ಲ ಹೆಂಚಿನ ಚಿಮಣಿಗಳು ಎದ್ದಿದ್ದವು.

ಎರಡೂವರೆ ಕಿಲೋ ಮಣ್ಣಿನ ಜಾಣ್ಮೆ

ಈ ಹೆಂಚಿನ ಆಕಾರ ಪ್ಲೆಬ್ಸ್ಟ್ ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಶ್ ಎಂಬ ಊರಿನಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದರೊಳಗೊಂದು ಕೂಡಿಕೊಳ್ಳುವ ಹೆಂಚಿಗೆ ಪೇಟೆಂಟು ಪಡೆದಿದ್ದರು. ಆ ಊರು ಬಾಸೆಲ್ ಪಟ್ಟಣಕ್ಕೆ ಕೇವಲ ಮೂವತ್ತು ಕಿಲೋಮೀಟರಿನಷ್ಟು ದೂರ. ಆ ಬಗೆಯ ಹೆಂಚು ಮುಂದೆ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನ ಹೆಸರಿನಲ್ಲಿ ಲೋಕದ ನಾನಾ ದಿಕ್ಕಿಗೆ ಹೋಯಿತು. ಹಿಮ ಬೀಳುವ ನಾಡಿನಲ್ಲಿ ಹುಟ್ಟಿದ ಆಕಾರಕ್ಕೆ ನಮ್ಮ ಜಡಿಮಳೆಯಲ್ಲಿ ನಿಜವಾದ ಪರೀಕ್ಷೆ ನಡೆಯಿತೆನ್ನಬಹುದು.

ಕುಂಬಾರನ ನಾಡಹೆಂಚು ಕೊಳವೆಯನ್ನು ಉದ್ದಕ್ಕೆ ಸೀಳಿದಂಥದು. ಒಂದನ್ನು ಅಂಗಾತ, ಇನ್ನೊಂದನ್ನು ಬೋರಲು ಇಡುತ್ತ ಹೋಗುವುದು. ಅದನ್ನು ಹಿಡಿದಿಡಲು ಅದರ ಭಾರವಲ್ಲದೆ ಬೇರೇನೂ ಇಲ್ಲ. ಮಂಗ ಹಾರಿದರೆ, ಗಾಳಿ ಎದ್ದರೆ, ಬೆಕ್ಕು ಓಡಿದರೆ ಜಾರುತ್ತದೆ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವುದು ಮಲೆನಾಡಿನ ಮನೆಗಳ ತಪ್ಪದ ಖರ್ಚು. ಮಂಗಳೂರು ಹೆಂಚಿನ ಬೆನ್ನ ಮೇಲೆ ನೀರು ಹರಿಯಲು ಕಾಲುವೆಗಳಿವೆ. ಅಂಚಿನಲ್ಲಿ ಒಂದು ಕಡೆ ತೋಡು, ಇನ್ನೊಂದು ಕಡೆ ಏಣು. ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಅಡಿಯಲ್ಲಿರುವ ಗುಬುಟು ರೀಪಿಗೆ ಸಿಕ್ಕಿಕೊಂಡು ಜಾರದಂತೆ ತಡೆಯುತ್ತದೆ. ನೂರು ಚದರಡಿ ಮಾಡಿಗೆ ನೂರೈವತ್ತರಷ್ಟು ಹೆಂಚು ಬೇಕು. ಒಂದೊಂದರ ತೂಕ ಎರಡು, ಎರಡೂವರೆ ಕಿಲೋ.

ಬಿರುಗಾಳಿಯನ್ನು ಈ ಹೆಂಚು ಎದುರಿಸುವ ರೀತಿಯೇ ಬೇರೆ. ಗಾಳಿ ಮಾಡಿನ ಮೇಲೆ ರಭಸದಿಂದ ಬೀಸಿದಾಗ ಮೇಲಿನ ಒತ್ತಡ ಇಳಿಯುತ್ತದೆ. ಒಳಗಿನ ಗಾಳಿ ಮಾಡನ್ನು ಮೇಲಕ್ಕೆ ನೂಕುತ್ತದೆ. ಸಂದಿಲ್ಲದ ತಗಡಿನ ಮಾಡು ಇಂಥ ಹೊತ್ತಿನಲ್ಲಿ ಹಾಳೆಹಾಳೆಯಾಗಿ ಕಿತ್ತು ಹಾರಿಹೋಗುವುದುಂಟು. ಹೆಂಚಿನ ಮಾಡಿನಲ್ಲಿ ನೂರಾರು ಸಣ್ಣ ಸಂದುಗಳು. ನೀರು ಒಳಗೆ ಬಾರದು, ಗಾಳಿ ಮಾತ್ರ ಹೊರಗೆ ನುಸುಳಿ ಹೋಗುತ್ತದೆ. ಬಹಳವಾದರೆ ಸೂರಿನ ಒಂದೆರಡು ಸಾಲು ಹಾರೀತು, ತೆಂಗಿನಕಾಯಿ ಬಿದ್ದು ನಾಲ್ಕು ಒಡೆದೀತು. ಒಳಗೆ ಏಣಿಯಿಟ್ಟು ಹತ್ತಿ, ಮೇಲಿನದನ್ನು ತುಸು ಎತ್ತಿ, ಒಡೆದದ್ದನ್ನು ಎಳೆದು ಹೊಸದನ್ನು ಕೂರಿಸಿದರೆ ಮುಗಿಯಿತು. ಅದಕ್ಕೆ ಮೇಸ್ತ್ರಿಯೂ ಬೇಡ. ಜಾಣ ಗೃಹಸ್ಥ ಹಟ್ಟಿಯ ಮೂಲೆಯಲ್ಲಿ ಐವತ್ತು ಹೆಂಚು ಹೆಚ್ಚಿಗೆ ಜೋಡಿಸಿಟ್ಟಿರುತ್ತಿದ್ದ. ಮಾಡಿನ ಸೂರು ಗೋಡೆಯಿಂದ ಎರಡು ಮೂರು ಅಡಿ ಮುಂದೆ ಚಾಚಿಕೊಂಡಿರುವುದೂ ಅಂದಕ್ಕಲ್ಲ: ಮಣ್ಣಿನ ಗೋಡೆಗೆ ಮಳೆಯ ಇರಿಚಲು ಬಡಿಯದಿರಲಿ ಎಂದು.

ಈ ಗುಣಗಳಿಂದಾಗಿ ಮಂಗಳೂರು ಹೆಂಚು ಹಾಯಿಹಡಗುಗಳಲ್ಲಿ ಬೊಂಬಾಯಿ, ಗೋವೆ, ಸಿಂಹಳ, ಪೂರ್ವ ಆಫ್ರಿಕಗಳವರೆಗೂ ಹೋಯಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಒಳನಾಡಿನ ದಾರಿಯೂ ಸಲೀಸಾಯಿತು. ಬೆಂಗಳೂರಿನ ದಂಡಿನ ಪ್ರದೇಶದ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ ಟೋಪಿಯಂತೆ ಕೂತ ಪುಟ್ಟ ಮಾಡುಗಳನ್ನು ಹಳಬರು ಕಂಡಿರಬಹುದು; ಅವುಗಳ ಹೊದಿಕೆ ಈ ಹೆಂಚೇ. ಅಡಿಮಗ್ಗುಲಲ್ಲಿ ಕಾರ್ಖಾನೆಯ ಹೆಸರು, ಊರು ಉಬ್ಬಕ್ಷರದಲ್ಲಿ ಇರುತ್ತಿದ್ದುದರಿಂದ, ಮುಚ್ಚಿಗೆಯಿಲ್ಲದ ಮನೆಯಲ್ಲಿ ಅಂಗಾತ ಮಲಗಿ ಮಾಡು ನೋಡುತ್ತಲೇ ಇಂಗ್ಲಿಷ್ ಅಕ್ಷರ ಕಲಿತ ಹುಡುಗರಲ್ಲಿ ನಾನೂ ಒಬ್ಬ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಶತ್ರುದೇಶದವರೆನಿಸಿಕೊಂಡರು. ಮಿಷನ್ನಿನ ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡು ಅನಂತರ ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿತು. ಹೆಂಚಿನ ಮೇಲಿನ ಹೆಸರು ಬದಲಾಯಿತು, ಹೆಂಚು ಬದಲಾಗಲಿಲ್ಲ.

ಹೊತ್ತವರ ತಲೆಗೆ ಹುಲ್ಲು

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಸಂತೋಷ ಕೊಡುವಂಥದು. ಆದರೆ ಕಾರ್ಖಾನೆಯ ಒಳಗೆ ಇಣುಕಿದರೆ ಇನ್ನೊಂದು ನೋಟ ಕಾಣುತ್ತಿತ್ತು. ಹಸಿ ಹೆಂಚನ್ನು ಒಣಗಿಸುವ ಹಲಗೆಗಳಿಗೆ, ಒಣಗಿದ್ದನ್ನು ಆವಿಗೆಗೆ, ಬೆಂದದ್ದನ್ನು ಧಕ್ಕೆಗೆ ಹೊತ್ತವರಲ್ಲಿ ಹೆಂಗಸರು ಬಹಳ ಮಂದಿ. ಸಂಜೆ ಅವರು ಹಿಂದಿರುಗುತ್ತಿದ್ದ ಬಿಡಾರಗಳಲ್ಲಿ ಹುಲ್ಲಿನ ಮಾಡಿನವು ಎಷ್ಟೋ. ಜೆಪ್ಪುವಿನಲ್ಲಿ ಹೆಂಚು ಹುಟ್ಟಿ ತೊಂಬತ್ತು ವರ್ಷ ಕಳೆದ ಮೇಲೂ ಅಲ್ಲಿಂದ ಇಪ್ಪತ್ತೈದು ಕಿಲೋಮೀಟರು ದೂರದ ನಮ್ಮ ಊರಿನಲ್ಲಿ ಹೆಂಚಿನ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಗುತ್ತಿನ ಮನೆ, ದೇವಸ್ಥಾನ, ಶಾಲೆ, ಅಂಗಡಿ, ಇನ್ನು ಒಂದೆರಡು. ಉಳಿದವರು ಪತ್ತನಾಜೆಗೆ ಮುಂಚೆ ಮುಳಿ ಹೊದಿಸುತ್ತಲೇ ಇದ್ದರು.

ಬಡತನವೇ ಇದಕ್ಕೆ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ನೆರೆಯ ಒಕ್ಕಲಿನ ಮನೆಯಲ್ಲಿ ಒಂದು ವರ್ಷ ಹೆಂಚಿಗೆ ಸಾಲುವಷ್ಟು ದುಡ್ಡಿತ್ತು. ಮಗ ಬೊಂಬಾಯಿಯ ಹೋಟೆಲಿನಿಂದ ಕಳಿಸಿದ್ದ. ಆದರೂ ಆ ಯಜಮಾನರು ಹೆಂಚು ಹಾಕಿಸಲಿಲ್ಲ. ಹೆಂಚಿನ ಭಾರಕ್ಕೆ ಗಟ್ಟಿ ಪಕ್ಕಾಸು, ರೀಪು ಬೇಕು. ಪಕ್ಕಾಸಿಗೆ ತಕ್ಕ ಗೋಡೆ ಬೇಕು. ಅಷ್ಟೆಲ್ಲ ಮಾಡಿದ ಮೇಲೆ ಮುಂದಿನ ವರ್ಷ ಧಣಿಗಳು ಗದ್ದೆ ಬಿಡು ಎಂದರೆ ಮಾಡನ್ನು ಹೊತ್ತುಕೊಂಡು ಹೋಗಲಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಅವರದು ಚಾಲಗೇಣಿ. ಮೂಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಶಾಶ್ವತವಾದ ಹಕ್ಕುಂಟು, ಚಾಲಗೇಣಿಯವನಿಗೆ ಅದಿಲ್ಲ. ಮೂರು ತಲೆಮಾರು ಉತ್ತರೂ ಅವನು ಈ ವರ್ಷದ ಒಕ್ಕಲು, ಅಷ್ಟೆ. ಜೊತೆಗೆ, ಹೆಂಚಿನ ಮನೆ ಎದ್ದರೆ ಒಕ್ಕಲಿನ ಕೈಯಲ್ಲಿ ಕಾಸು ಆಡುತ್ತಿದೆ ಎಂದು ಕಂಡು ಗೇಣಿ ಏರೀತೆಂಬ ಭಯ ಬೇರೆ. ಕಾಯಂ ಅಲ್ಲದ ನೆಲದ ಮೇಲೆ ಕಾಯಂ ಮಾಡು ನಿಲ್ಲದೆಂಬ ಈ ಲೆಕ್ಕ ಅವರಿಗೆ ಯಾವ ಶಾಲೆಯಲ್ಲಿಯೂ ಕಲಿಯದೆ ಗೊತ್ತಿತ್ತು.

ಈ ಗಂಟು ಸಡಿಲವಾದದ್ದು ಕಾನೂನಿನಿಂದ. ಕರ್ನಾಟಕದ ಭೂಸುಧಾರಣಾ ಕಾನೂನಿನ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರಕಾರಕ್ಕೆ ಸೇರಿ, ಉಳುವ ಒಕ್ಕಲು ಅದರ ಒಡೆತನಕ್ಕೆ ಅರ್ಜಿ ಹಾಕಿಕೊಳ್ಳುವ ಅವಕಾಶವಾಯಿತು. ಹಿಂದಿನ ದಕ್ಷಿಣ ಕನ್ನಡದಲ್ಲಿ ಇದರಿಂದ ಆದ ಮಾರ್ಪಾಟು ದೊಡ್ಡದು. ‘ಡಿಕ್ಲರೇಶನ್ ಕೊಟ್ಟದ್ದು’ ಎಂಬುದು ಅಲ್ಲಿಯ ಮನೆಮಾತಾಯಿತು. ಕೃಷಿಕಾರ್ಮಿಕರಿಗೂ ತಾವು ವಾಸವಿದ್ದ ಮನೆಯ ಅಡಿಯ ನೆಲ ಕೇಳುವ ಹಕ್ಕು ದೊರೆಯಿತು. ಇದರಿಂದ ನಷ್ಟಕ್ಕೊಳಗಾದ ಸಣ್ಣ ಒಡೆಯರೂ, ಗೇಣಿಯ ಅಕ್ಕಿಯನ್ನೇ ನಂಬಿದ್ದ ವಿಧವೆಯರೂ ಇದ್ದರು. ಅವರ ದುಃಖವೂ ಸುಳ್ಳಲ್ಲ. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಊರಿಗೆ ಹೋದಾಗಲೆಲ್ಲ ನಾನು ಕಂಡದ್ದು ಇದು: ಗದ್ದೆಯ ಆಚೆಗೊಂದು, ಈಚೆಗೊಂದು ಹೊಸ ಕೆಂಪು ಮಾಡು ಏಳುತ್ತಿತ್ತು. ನಮ್ಮ ನೆರೆಯ ಯಜಮಾನರು ಹಕ್ಕುಪತ್ರ ಬಂದ ಮರುವರ್ಷವೇ ಮುಳಿ ಇಳಿಸಿ ಹೆಂಚು ಹೊದಿಸಿದರು. ಕಾರ್ಖಾನೆಯ ಹೆಂಚಿಗೆ ಆಗ ನೂರು ವರ್ಷ ತುಂಬಿ ಹೋಗಿತ್ತು. ಜೆಪ್ಪುವಿನಿಂದ ಆ ಮನೆಗೆ ಹೆಂಚು ಬರಲು ಅಷ್ಟು ಕಾಲ ಹಿಡಿಯಿತು, ದಾರಿ ದೂರವಾಗಿದ್ದುದರಿಂದಲ್ಲ.

ಈಗಿನ ಮಾತು

ಹೆಂಚು ಎಲ್ಲರ ಕೈಗೆಟುಕಿದ ಹೊತ್ತಿಗೆ ಅದರ ಕಾಲವೂ ಇಳಿಮುಖವಾಯಿತು. ಆವೆಮಣ್ಣಿಗಾಗಿ ಬತ್ತದ ಗದ್ದೆಗಳನ್ನು ಅಗೆದು ಹೊಂಡ ಮಾಡಿದ್ದಾಗಿತ್ತು. ಆವಿಗೆಗಳ ಹೊಟ್ಟೆಗೆ ಘಟ್ಟದ ಸೌದೆ ಎಷ್ಟು ಹೋಯಿತೋ ಲೆಕ್ಕವಿಲ್ಲ. ಮಣ್ಣೂ ಸೌದೆಯೂ ದುಬಾರಿಯಾಗಿ, ಪಕ್ಕಾಸಿನ ಮರ ಕೈಗೆಟುಕದಾಗಿ, ತಾರಸಿ ಮನೆಯೇ ಗೌರವದ ಗುರುತಾಯಿತು. ಮಂಗಳೂರಿನ ಹೊಳೆದಂಡೆಯ ಕಾರ್ಖಾನೆಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದವು.

ಆದರೆ ಮಳೆ ಹಳೆಯದೇ. ಕಾಂಕ್ರೀಟಿನ ಚಪ್ಪಟೆ ತಾರಸಿ, ಎಷ್ಟಾದರೂ ಬಯಲುಸೀಮೆಯ ಮಾಳಿಗೆಯ ಸಂತಾನ. ನೀರು ನಿಲ್ಲುತ್ತದೆ, ಸಣ್ಣ ಬಿರುಕಿನಲ್ಲಿ ಇಳಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಇಂದು ಕರಾವಳಿಯಲ್ಲಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಇಳಿಜಾರು ಮಾಡು ಕಟ್ಟುವುದು ಮನೆಮನೆಯಲ್ಲೂ ನಡೆದಿದೆ. ಒಂದು ಛಾವಣಿಯನ್ನು ಕಾಯಲು ಇನ್ನೊಂದು ಛಾವಣಿ! 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋದಾಗ ಅನೇಕ ಮನೆಗಳಿಗೆ ಹಾನಿಯಾಯಿತು. ಅರಬ್ಬಿ ಸಮುದ್ರ ಕಾಯುತ್ತಿರುವುದರಿಂದ ಇಂಥ ಬಿರುಗಾಳಿಗಳು ಇನ್ನೂ ಬರಲಿವೆ ಎಂದು ಹವಾಮಾನದ ಪಂಡಿತರು ಎಚ್ಚರಿಸುತ್ತಿದ್ದಾರೆ. ಹಳೆಯ ಮನೆ ಕೆಡವಿದಲ್ಲಿಂದ ಹೆಂಚು ಕೊಂಡುತಂದು ಪ್ರವಾಸಿ ಬಿಡಾರಗಳ ಮಾಡಿಗೆ ಹೊದಿಸುವುದು ಈಗ ಶೋಕಿ. ಶೋಕಿಯಾದರೂ ಸರಿ, ಇಳಿಜಾರಾದ, ಒಂದೊಂದಾಗಿ ಬದಲಾಯಿಸಬಹುದಾದ, ಗಾಳಿಗೆ ದಾರಿಬಿಡುವ ಮಾಡಿನ ತತ್ತ್ವವನ್ನು ನಮ್ಮ ಇಂಜಿನಿಯರುಗಳು ಮತ್ತೊಮ್ಮೆ ಕಣ್ಣಿಟ್ಟು ನೋಡುವುದು ಒಳ್ಳೆಯದು.

ಅವರು ನೋಡಲಿ. ಅವರ ಜೊತೆಗೆ ನಾವೂ ನೋಡಬೇಕಾದದ್ದೊಂದಿದೆ. ಮಳೆಗಾಲದಲ್ಲಿ ನಗರದ ಅಂಚಿನಲ್ಲಿ, ಹೊಳೆಯ ಪೊರಂಬೋಕಿನಲ್ಲಿ, ಕಟ್ಟಡಗಳು ಏಳುವ ಜಾಗಗಳ ಪಕ್ಕದಲ್ಲಿ ನೀಲಿ ಟಾರ್ಪಾಲಿನ ಸಾಲುಸಾಲು ಮಾಡುಗಳು ಕಾಣುತ್ತವೆ. ಅದರ ಕೆಳಗಿರುವವರಿಗೆ ಗಟ್ಟಿ ಮಾಡು ಕಟ್ಟುವ ಕೈಗಳಿಲ್ಲವೆಂದಲ್ಲ; ಅವರಲ್ಲಿ ಅನೇಕರು ನಮ್ಮ ಮನೆಗಳ ತಾರಸಿಗೆ ಕಾಂಕ್ರೀಟು ಹೊತ್ತವರು. ಆ ನೆಲದಲ್ಲಿ ಮುಂದಿನ ವರ್ಷ ತಾವು ಇರುತ್ತೇವೆಂಬ ಭರವಸೆ ಅವರಿಗಿಲ್ಲ. ನಮ್ಮ ನೆರೆಯ ಒಕ್ಕಲಿನ ಯಜಮಾನರು ಹಾಕಿದ ಲೆಕ್ಕವನ್ನೇ ಅವರೂ ಪ್ರತಿ ಮೇ ತಿಂಗಳಿನಲ್ಲಿ ಹಾಕಿ, ಮತ್ತೊಂದು ಟಾರ್ಪಾಲು ಕೊಂಡು ತರುತ್ತಾರೆ.